ಕುಸುರೆಳ್ಳಿಗೆ ಮುಳ್ಳು ಬರಿಸುವ ಶೇವಂತಾಬಾಯಿ

ಬೆಳಗಿನ ಐದು ಗಂಟೆ. ಬೇಡಕಿಹಾಳದ ಕಬ್ಬಿನ ಗದ್ದೆಗಳ ಮೇಲೆ ಮೋಡ ಕವಿದಿದೆ. ಶೇವಂತಾಬಾಯಿ ಶೇಗಡಿಯ ಕೆಂಡದ ಮುಂದೆ ಕೂತು, ಪರಾತದ ಬಿಸಿ ತಟ್ಟೆಯಲ್ಲಿ ಎಳ್ಳನ್ನು ಬರಿಗೈಯಲ್ಲಿ ಆಡಿಸುತ್ತಿದ್ದಾರೆ. ಒಂದು ಚಮಚ ಸಕ್ಕರೆ ಪಾಕ, ಮತ್ತೆ ಬೆರಳು. ಇನ್ನೊಂದು ಚಮಚ, ಮತ್ತೆ ಬೆರಳು. ಪ್ರತಿ ಕಾಳಿನ ಸುತ್ತ ಬಿಳಿ ಮುಳ್ಳು ಏಳಬೇಕು. ಇವತ್ತು ಏಳುತ್ತಲೇ ಇಲ್ಲ.

"ಮೂರ ದಿನಾ ಆತ್ರಿ, ಮೋಡ ಹಾಕೇತಿ. ಥಂಡಿ ಇಲ್ಲಂದ್ರ ಸಕ್ರಿ ಬೆವರತೈತಿ, ಮುಳ್ಳ ಹಿಡಿಯಾಂಗಿಲ್ಲ."

ಮಧ್ಯಾಹ್ನದೊಳಗೆ ಹಾರ, ಕಿರೀಟ, ಬಳೆ, ಉಂಗುರದ ಒಂದು ಸೆಟ್ ಆಗಲೇಬೇಕು. ಚಿಕ್ಕೋಡಿಯಲ್ಲಿರುವ ತಂಗಿ ನೀಲಮಾಳ ಮೊಮ್ಮಗನಿಗೆ ಇದು ಮೊದಲ ಸಂಕ್ರಾಂತಿ. ಕೂಸಿಗೆ ಕುಸುರೆಳ್ಳಿನ ಒಡವೆ ತೊಡಿಸಿ, ತಲೆಯ ಮೇಲೆ ಬೋರೆಹಣ್ಣು, ಕಬ್ಬಿನ ತುಂಡು ಸುರಿದು ಕರಿ ಎರೆಯುವ ಶಾಸ್ತ್ರ ಇವತ್ತು ಸಂಜೆಯೇ.

ಶೇವಂತಾಬಾಯಿಗೆ ಈಗ ಅರವತ್ತೊಂದು. ಈ ಕೆಲಸಕ್ಕೆ ಕೂತು ಮೂವತ್ತೆರಡು ಚಳಿಗಾಲ. ಒಂದು ಸೀಸನ್ನಿಗೆ ಹತ್ತಿರ ಹತ್ತಿರ ನಲವತ್ತು ಕೂಸುಗಳು ಇವರ ಒಡವೆ ತೊಡುತ್ತವೆ. ದಿನಕ್ಕೆ ಆರು ತಾಸು ಬಿಸಿ ಪರಾತದಲ್ಲಿ ಆಡಿ ಬೆರಳ ತುದಿ ಎಷ್ಟು ನುಣುಪಾಗಿದೆ ಎಂದರೆ, ರೇಷನ್ ಅಂಗಡಿಯ ಮಷಿನ್ ಇವರ ಹೆಬ್ಬೆಟ್ಟನ್ನು ಗುರುತೇ ಹಿಡಿಯುವುದಿಲ್ಲ.

ಆದರೆ ಇವರು ಒಮ್ಮೆಯೂ ಆ ಒಡವೆ ತೊಟ್ಟಿಲ್ಲ. ಹುಟ್ಟಿದ ವರ್ಷ ಅಜ್ಜ ತೀರಿಹೋಗಿ, ಮನೆಯಲ್ಲಿ ವರ್ಷವಿಡೀ ಹಬ್ಬವಿಲ್ಲ. ಮದುವೆಯ ನಂತರದ ಮೊದಲ ಸಂಕ್ರಾಂತಿಗೆ ಸೊಸೆಗೂ ತೊಡಿಸುವುದುಂಟು, ಆದರೆ ಇವರ ಗಂಡನ ಮನೆಯಲ್ಲಿ ಆ ಪದ್ಧತಿಯೇ ಇಲ್ಲ. ಇವರಿಗೆ ಆರು ವರ್ಷವಾದಾಗ ತಂಗಿ ಹುಟ್ಟಿದಳು. ತಾಯಿ ತಾರವ್ವ ನಾಲ್ಕು ದಿನ ಕೂತು ಅವಳಿಗಾಗಿ ಹಾರ ಮಾಡಿದರು.

"ಆಕಿಗಷ್ಟ ಯಾಕ ಅಂತ ಹೊಟ್ಟಿ ಉರೀತ್ರಿ. ಕದ್ದ ಒಯ್ದು, ಕಣಜದ ಹಿಂದ ಕುಂತು ಮುಳ್ಳೆಲ್ಲಾ ನೆಕ್ಕಿಬಿಟ್ಟೆ. ಹಾರ ಬೋಳ ಆತು. ಅವ್ವ ಬೆನ್ನಿಗೆ ನಾಕ ಕೊಟ್ಲು. ಹೊಟ್ಟ್ಯಾಗಿನ ಉರಿ ಇನ್ನೂ ಆರಿಲ್ಲ, ಸುಳ್ಳ ಯಾಕ ಹೇಳ್ಲಿ?"

ನಿಪ್ಪಾಣಿಯ ಸ್ಟುಡಿಯೋದಲ್ಲಿ ಬೋಳು ಹಾರದಲ್ಲೇ ತೆಗೆಸಿದ ಕೂಸು ತಂಗಿಯ ಫೋಟೋ ಇವತ್ತಿಗೂ ನೀಲಮಾಳ ಮನೆಯ ಗೋಡೆಯ ಮೇಲಿದೆ.

ಇಲ್ಲಿ, ಶೇವಂತಾಬಾಯಿಯ ಮನೆಯ ಗೋಡೆಗೂಡಿನಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಡಿಸೆಂಬರಿನ ಕೊರೆವ ಚಳಿಯಲ್ಲಿ ತೆಗೆದ ಕುಸುರೆಳ್ಳು, ಒಂದೊಂದರ ಮೇಲೂ ಸೂಜಿಯಂಥ ಮುಳ್ಳು. "ಅದು ನಂದ್ರಿ. ಈ ವರ್ಷ ನಾನೂ ಹಾಕ್ಕೋತೇನಿ. ನಗ್ತೀರೇನ? ನಗರಿ."

ಒಂಬತ್ತರ ಬಸ್ಸಿಗೆ ನೀಲಮಾ ಬರುತ್ತಾರೆ. ಪರಾತಕ್ಕೆ ಇಣುಕಿದವರೇ, "ಏನಕ್ಕಾ, ಮತ್ತ ನೆಕ್ಕಿದೇನ?" ಎನ್ನುತ್ತಾರೆ.

"ಬಾಯಿ ಮುಚ್ಚ. ಅವತ್ತ ನಿನ್ನ ನಾಲಿಗಿ ಮ್ಯಾಲಿನ ಮುಳ್ಳೂ ನೆಕ್ಕಬೇಕಿತ್ತ."

ನೀಲಮಾ ನಗುತ್ತಾರೆ. ಆಮೇಲೆ ದನಿ ಇಳಿಯುತ್ತದೆ. "ಖರೇನ ಮುಳ್ಳ ಬಂದಿಲ್ಲೇನ? ಹಂಗಾದ್ರ ಕೂಸಿಗೂ ಬೋಳ ಹಾರನ? ನನ್ನಂಗ?"

ಶೇವಂತಾಬಾಯಿ ಶೇಗಡಿಯ ಕೆಂಡ ಕೆದಕುತ್ತಾರೆ, ಒಮ್ಮೆ ಗೂಡಿನ ಕಡೆ ನೋಡುತ್ತಾರೆ, ಮತ್ತೆ ಕೆಂಡ ಕೆದಕುತ್ತಾರೆ. ಕೊನೆಗೆ ಎದ್ದು ಡಬ್ಬಿಯನ್ನು ತಂದು ತಂಗಿಯ ಮುಂದೆ ಕುಕ್ಕುತ್ತಾರೆ.

"ಅಬಾಬಾ! ಇದ್ಯಾರಿಗೆ ಮಾಡಿಟ್ಟಿದ್ದಿ?"

"ಒಂದ ಆರ ವರ್ಷದ ಹುಡಿಗಿಗೆ. ನಿನಗ ಗುರ್ತಿಲ್ಲ. ಸೂಜಿ ಹಿಡಿ, ಬಸ್ ತಪ್ಪತೈತಿ."

ಇಬ್ಬರೂ ಕರಿ ಬಟ್ಟೆ ಹಾಸಿಕೊಂಡು ಪೋಣಿಸುತ್ತಾರೆ. ಒಂದು ಗಂಟೆಗೆ ನೀಲಮಾ ಸೆಟ್ಟನ್ನು ಎದೆಗವಚಿಕೊಂಡು ಹೊರಡುತ್ತಾರೆ. ಡಬ್ಬಿಯ ತಳದಲ್ಲಿ ಒಂಬತ್ತು ಕಾಳು ಉಳಿದಿವೆ. ಶೇವಂತಾಬಾಯಿ ಅವನ್ನು ದಾರಕ್ಕೆ ಪೋಣಿಸಿ, ಉಂಗುರ ಮಾಡಿ, ತಮ್ಮ ನುಣುಪಾದ ಬೆರಳಿಗೆ ತೊಡುತ್ತಾರೆ.

"ಪೇಪರನ್ಯಾಗ ಫೋಟೋ ಹಾಕ್ತೀರಲ್ರಿ? ನನ್ನ ಮಾರಿ ಕಾಣದಿದ್ರೂ ನಡೀತೈತಿ. ಮುಳ್ಳ ಕಾಣಬೇಕ್ರಿ. ನೀಲಾ ನೋಡಬೇಕು."