ಅಟ್ಟದ ಸರ್ವರ್ ಮತ್ತು ಹೋಟೆಲಿನ ದಿನ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಹೋಟೆಲಿದ್ದ ಕಟ್ಟಡ, ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಗುವುದು ಖಚಿತವಾದಾಗ ಭಾವ ಮೊದಲು ಕೇಳಿದ್ದು ಹೋಟೆಲಿನ ಬಗ್ಗೆ ಅಲ್ಲ, ಅಟ್ಟದ ಮೇಲಿನ ಸರ್ವರಿನ ಬಗ್ಗೆ. ಹಾಗೆಂದು ನನ್ನ ನೆನಪು. ಅಕ್ಕನ ಮಗಳು ಬೇರೆ ಹೇಳುತ್ತಾಳೆ: ಆ ಮಾತು ತೆಗೆದದ್ದು ನಾನೇ ಅಂತೆ, ಅವಳಪ್ಪ ಆಗ ದೋಸೆಕಲ್ಲು ಎಲ್ಲಿ ಇಡುವುದೆಂದು ಯೋಚಿಸುತ್ತಿದ್ದರಂತೆ. ಅವಳೇ ಸರಿ ಇರಬಹುದು. ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂದು ಯೂನಿವರ್ಸಿಟಿಯಲ್ಲಿ ಕಲಿತೆ. ಈಗೀಗ ಆ ಪಾಠ ನನ್ನ ಮೇಲೆಯೇ ತಿರುಗಿಬಿದ್ದಿದೆ.

ಭಾವನಿಗೆ ಮೂರು ಹೋಟೆಲು: ಡೊಂಬಿವಲಿ, ಕಲ್ಯಾಣ, ಠಾಣೆ. ಮೂರಕ್ಕೂ ಹಿಟ್ಟು ರುಬ್ಬುವುದು ಭಿವಂಡಿ ರಸ್ತೆಯ ಒಂದು ಶೆಡ್ಡಿನಲ್ಲಿ. ಇವತ್ತು ಎಷ್ಟು ಇಡ್ಲಿ ದೋಸೆ ಹೋಯಿತೆಂದು ನೋಡಿ ನಾಳೆಗೆ ಎಷ್ಟು ರುಬ್ಬಬೇಕೆಂದು ಶೆಡ್ಡಿಗೆ ತಿಳಿಸುವುದು ಅಟ್ಟದ ಮೇಲಿನ ಆ ಸರ್ವರ್ ಡಬ್ಬಿ. ಒಂದೇ ಡಬ್ಬಿಯಾದರೂ ಒಳಗೆ ಬೇರೆ ಬೇರೆ ಕಂಪ್ಯೂಟರುಗಳಿರುವಂತೆ ನಡೆಸುವ ತಂತ್ರಾಂಶ ಅದರಲ್ಲಿತ್ತು: ಬಿಲ್ಲಿಗೊಂದು, ದಾಸ್ತಾನಿಗೊಂದು, ಹಿಟ್ಟಿನ ಆರ್ಡರಿಗೊಂದು. ಕಟ್ಟಡ ಖಾಲಿ ಮಾಡುವುದರೊಳಗೆ ಅವೆಲ್ಲ ಕ್ಲೌಡಿಗೆ ಹೋಗಬೇಕು. ಯಾರ ಕ್ಲೌಡು ಎಂದು ಹೇಳುವುದು ನನ್ನ ಕೆಲಸ. ಐರೋಲಿಯ ಕಚೇರಿಯಲ್ಲಿ ದಿನವಿಡೀ ಮಾಡುವುದೂ ಇದನ್ನೇ. ಸಂಜೆ ಟ್ರಾನ್ಸ್‌ಹಾರ್ಬರ್ ಲೋಕಲ್ ರೈಲಿನಲ್ಲಿ ನಿಂತುಕೊಂಡು ಫೋನಿನಲ್ಲಿ ಅದನ್ನೇ ಮತ್ತೆ ನೋಡುವಾಗ ಕಣ್ಣು ಉರಿಯುತ್ತಿತ್ತು.

ದಾರಿ ಮೂರಿದ್ದವು. ಮೊದಲನೆಯದರಲ್ಲಿ ನಮ್ಮ ಡಬ್ಬಿಯಲ್ಲಿರುವ ತಂತ್ರಾಂಶವನ್ನೇ ದೊಡ್ಡ ಕ್ಲೌಡಿನವರು ಓಡಿಸುತ್ತಾರೆ. ಡಬ್ಬಿಯೊಳಗಿನ ಆ ತೋರಿಕೆಯ ಕಂಪ್ಯೂಟರುಗಳನ್ನು, ಅಂದರೆ ನಮ್ಮ ಯಂತ್ರಗಳನ್ನು, ಏನೂ ಬದಲಿಸದೆ ಎತ್ತಿಟ್ಟರಾಯಿತು. ಆದರೆ ಇಡೀ ಸರ್ವರುಗಳನ್ನೇ ಬಾಡಿಗೆಗೆ ಹಿಡಿಯಬೇಕು, ನಾಲ್ಕು ಜನರ ಊಟಕ್ಕೆ ಮದುವೆ ಛತ್ರ ಹಿಡಿದ ಹಾಗೆ. ಎರಡನೆಯದರಲ್ಲಿ ಯಂತ್ರಗಳನ್ನು ಆ ಕ್ಲೌಡಿನ ಸ್ವಂತ ಅಚ್ಚಿಗೆ ಬದಲಿಸಬೇಕು. ಬೇಕಾದಷ್ಟೇ ಜಾಗ, ಹಗುರ ಬಾಡಿಗೆ, ಆದರೆ ಹೊರಬರುವಾಗ ಮತ್ತೆ ಅಚ್ಚು ಬದಲಿಸುವ ಕೆಲಸ. ಮೂರನೆಯವರು ನವಿ ಮುಂಬೈಯವರು. ಅವರಲ್ಲಿ ಹಳೆಯ ತಂತ್ರಾಂಶವೇ ಇತ್ತು, ಬೇರೆಯವರೊಡನೆ ಹಂಚಿಕೊಂಡ ಸರ್ವರು. ಆದರೆ ಅದರ ಲೈಸೆನ್ಸಿನ ಶುಲ್ಕ ಏರುವುದೋ ಇಳಿಯುವುದೋ, ಮುಂದಿನ ವರ್ಷದ ದರ ಹೇಳಲು ಅವರು ತಯಾರಿರಲಿಲ್ಲ.

ಇಷ್ಟನ್ನೂ ಕೇಳಿದ ಭಾವ, "ಬಿಡ್ಲಿಕ್ಕೆ ಆಗ್ತದಾ?" ಅಂದರು.

"ಯಾವುದನ್ನು?"

"ಮೂರನ್ನೂ ಮಾರಾಯಾ. ಆಗಿಂದ ಒಳಗೆ ಹೋಗುವ ದಾರಿ ಮಾತ್ರ ಹೇಳ್ತಾ ಇದ್ದಿ. ಹೊರಗೆ ಬರುವುದು ಹೇಗೆ?"

ಅವರ ಭಯ ನನಗೆ ಗೊತ್ತಿತ್ತು. ಹಿಂದೊಮ್ಮೆ ಕಲ್ಯಾಣದ ಹೋಟೆಲನ್ನು ಕಂಡಕ್ಟಿಂಗಿಗೆ ಕೊಟ್ಟಿದ್ದರು; ಲೈಸೆನ್ಸು ನಮ್ಮದು, ನಡೆಸುವುದು ಇನ್ನೊಬ್ಬರು, ತಿಂಗಳಿಗೆ ಇಷ್ಟು ಎಂದು. ಅವಧಿ ಮುಗಿದರೂ ಆತ ಬಿಡಲಿಲ್ಲ. ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ ಹೋಟೆಲು ಬಂತು, ಗಿರಾಕಿ ಬರಲಿಲ್ಲ. ಕ್ಲೌಡ್ ಅಂದರೆ ಕಂಡಕ್ಟಿಂಗ್ ಎಂದು ಭಾವ ತೀರ್ಮಾನಿಸಿಬಿಟ್ಟಿದ್ದರು. ಈ ಹೋಲಿಕೆ ಪೂರ್ತಿ ಸರಿಯಲ್ಲ ಎಂದೆ. ಎಲ್ಲಿ ತಪ್ಪೆಂದು ಕೇಳಿದರು. ಹೇಳಿದೆ, ಏನು ಹೇಳಿದೆನೋ ಮರೆತಿದೆ. ಅವರಂತೂ ಒಪ್ಪಲಿಲ್ಲ.

ಮೂರನೆಯವರ ಕಟ್ಟಡ ನೋಡಲು ಒಂದು ಭಾನುವಾರ ಇಬ್ಬರೂ ಐರೋಲಿಗೆ ಹೋದೆವು. ಗೇಟಿನಲ್ಲೇ ತಡೆದರು. ಭಾವ ರಸ್ತೆಯಾಚೆ ನಿಂತು ಬಹಳ ಹೊತ್ತು ನೋಡಿದರು.

"ಬೋರ್ಡ್ ಇಲ್ಲ, ಕಿಟಕಿ ಇಲ್ಲ. ಹೋಟೆಲ್ ಆಗಿದ್ರೆ ಒಂದು ಚಾ ಹೋಗ್ತಿರಲಿಲ್ಲ. ನಮ್ದನ್ನು ಯಾವ ಮಾಳಿಗೆಯಲ್ಲಿ ಇಡ್ತಾರೆ?"

"ಇಂಥದ್ದೇ ಅಂತ ಇಲ್ಲ ಭಾವ. ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿ."

"ಹಾಗಾದ್ರೆ ನನ್ನನ್ನು ಯಾಕೆ ಕರ್ಕೊಂಡು ಬಂದದ್ದು?"

ಬರಲೇಬೇಕೆಂದು ಹಟ ಹಿಡಿದವರು ಅವರೇ ಎಂದು ನನ್ನ ನೆನಪು.

ಬಾಡಿಗೆ ಹಗುರವೆಂದು ಕೊನೆಗೆ ಎರಡನೆಯದನ್ನೇ ಆರಿಸಿದೆವು. ಭಾವನ ಷರತ್ತು ಒಂದೇ: ಎಲ್ಲಿ ಬೇಕಾದರೂ ತೆರೆಯುವಂಥ ಒಂದು ನಕಲು ವಾರ ವಾರ ಹೊರಗೆ ಬಂದು ನಮ್ಮ ಕೈಯಲ್ಲಿರಬೇಕು. ಬಿಲ್ಲು, ದಾಸ್ತಾನಿನ ಯಂತ್ರಗಳು ಅಚ್ಚು ಬದಲಿಸಿಕೊಂಡು ಸುಮ್ಮನೆ ಹೋದವು. ಹಿಟ್ಟಿನದು ತೀರಾ ಹಳೆಯದಾಗಿತ್ತು. ಅದನ್ನು ಅಲ್ಲಿ ಹೊಸದಾಗಿಯೇ ಕಟ್ಟಿದೆ.

ಕೆಲವು ದಿನಗಳ ಮೇಲೆ ಅಕ್ಕನ ಮಗಳು ಠಾಣೆಯ ಕೌಂಟರಿನಿಂದ ಫೋನ್ ಮಾಡಿದಳು. ಹುಟ್ಟಿ ಬೆಳೆದದ್ದು ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ.

"ಮಾಮಾ, ಆರ್ಡರ್ ಮೇ ದಿನ್ ಸುಬಹ್ ಸಾಡೇ ಪಾಂಚ್ ಬಜೇ ಬದಲ್ತಾ ಹೈ. ಆಪ್ನೇ ಕುಛ್ ಕಿಯಾ ಕ್ಯಾ?"

ಆರ್ಡರಿನಲ್ಲಿ ದಿನ ಬೆಳಗಿನ ಐದೂವರೆಗೆ ಬದಲಾಗುತ್ತಿದೆ, ನೀವೇನಾದರೂ ಮಾಡಿದಿರಾ ಎಂದು ಅವಳ ಪ್ರಶ್ನೆ. ಕ್ಲೌಡಿನಲ್ಲಿ ಹೊಸ ಯಂತ್ರ ಎಬ್ಬಿಸಿದರೆ ಅದರ ಗಡಿಯಾರ ಗ್ರೀನಿಚ್ ಸಮಯದಲ್ಲಿರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯರಾತ್ರಿಯಾದಾಗ ಇಲ್ಲಿ ಬೆಳಗಿನ ಐದೂವರೆ. ಅದನ್ನು ಇಲ್ಲಿನ ಸಮಯಕ್ಕೆ ತಿರುಗಿಸಬೇಕೆಂಬುದು ಕಸುಬಿಗೆ ಬಂದವರು ಮೊದಲ ದಿನವೇ ಕಲಿಯುವ ವಿಷಯ. ಲ್ಯಾಪ್‌ಟಾಪ್ ಹಿಡಿದುಕೊಂಡು ಠಾಣೆಗೆ ಓಡಿದೆ.

ಭಾವ ಕೌಂಟರಿನಲ್ಲೇ ಇದ್ದರು. "ಕೈ ಹಾಕ್ಬೇಡ ಅದಕ್ಕೆ."

"ತಪ್ಪಾಗಿದೆ ಭಾವ. ದಿನ ರಾತ್ರಿ ಹನ್ನೆರಡಕ್ಕೆ ಬದಲಾಗಬೇಕು."

"ಯಾರ ದಿನ? ಹನ್ನೆರಡು ದಾಟಿ ಕೊನೇ ಲೋಕಲ್ಲಿನವ್ರು ತಿನ್ನುವ ದೋಸೆ ಇಷ್ಟು ವರ್ಷ ನಾಳೆ ಲೆಕ್ಕಕ್ಕೆ ಹೋಗ್ತಿತ್ತು. ನಾನು ದಿನಾ ಭಿವಂಡಿಗೆ ಫೋನ್ ಮಾಡಿ, ಅಷ್ಟು ಸೇರಿಸು, ಇಷ್ಟು ತೆಗಿ ಅಂತ ಹೇಳ್ಬೇಕಿತ್ತು. ಈಗ ಶಟರ್ ಎತ್ತಿದಾಗ ದಿನ ಶುರು. ಹಿಟ್ಟು ಉಳಿಯುವುದಿಲ್ಲ, ಕಡಿಮೆಯೂ ಬೀಳುವುದಿಲ್ಲ."

ನಾನು ಬೇಕೆಂದೇ ಹಾಗೆ ಮಾಡಿದೆನೆಂದು ಅವರು ಬಂದವರಿಗೆಲ್ಲ ಹೇಳುತ್ತಾರೆ. ಮರೆತೆನೋ, ಅಥವಾ ಎಂದೋ ಅವರ ಆ ಫೋನು ಕೇಳಿದ್ದು ಮನಸ್ಸಿನಲ್ಲಿದ್ದು ಹಾಗೇ ಬಿಟ್ಟೆನೋ, ಪ್ರಾಮಾಣಿಕವಾಗಿ ನನಗೆ ಗೊತ್ತಿಲ್ಲ. ಈಗ ಹೊಗಳಿಕೆ ಕೇಳಿ ಕೇಳಿ ಎರಡನೆಯದೇ ನಿಜವೆಂದು ತೋರತೊಡಗಿದೆ. ಅದಕ್ಕೇ ಅದನ್ನು ನಂಬುವುದಿಲ್ಲ.

ಡೊಂಬಿವಲಿ ಖಾಲಿ ಮಾಡಿದ ದಿನ ಸರ್ವರನ್ನು ಅಟ್ಟದಿಂದ ಇಳಿಸಿದೆವು. ಹಳೆ ಸಾಮಾನು ಕೊಳ್ಳುವ ಭಂಗಾರಿನವನು ತಕ್ಕಡಿ ತಂದಿದ್ದ. ಭಾವ ಅವನಿಗೆ ಮುರುಕು ಕುರ್ಚಿಗಳನ್ನು ಕೊಟ್ಟರು, ಡಬ್ಬಿಯನ್ನು ಕೊಡಲಿಲ್ಲ. ಅದನ್ನು ಗೋಣಿಯಲ್ಲಿ ಸುತ್ತಿ ಟೆಂಪೋದಲ್ಲಿ ತಮ್ಮ ಪಕ್ಕದಲ್ಲೇ ಇಟ್ಟುಕೊಂಡರು.

"ಇದು ಇನ್ನು ಕೆಲಸಕ್ಕಿಲ್ಲ ಭಾವ. ವಾರ ವಾರ ನಕಲು ಬರ್ತಾ ಇದೆಯಲ್ಲ."

"ಬರ್ತಾ ಉಂಟು, ಸರಿ. ನಾಳೆ ಅವರು ಹೊರಗೆ ಹಾಕಿದ್ರೆ ಆ ನಕಲನ್ನು ಎಲ್ಲಿ ಇಡ್ತಿ? ತಲೆ ಮೇಲಾ?"

ಠಾಣೆಯ ಹೋಟೆಲಿನ ಅಟ್ಟದಲ್ಲಿ ಆ ಬೆಳಿಗ್ಗೆಯೇ ಜಾಗ ಮಾಡಿಸಿದ್ದರು. ಇಬ್ಬರೂ ಸೇರಿ ಹತ್ತಿಸಿದೆವು.