ನಕ್ಷೆಯ ತೆಳುಬಣ್ಣ

ಮುದ್ದೆ ಉಣ್ಣುವ ಮನೆಗೆ ಕ್ಯಾನ್ಸರ್ ಬರುವುದೇ ಇಲ್ಲ ಎಂದವರು ನಮ್ಮ ದೊಡ್ಡಪ್ಪ. ನಾನು ಡಿಗ್ರಿ ಮುಗಿಸುವುದಿಲ್ಲ ಎಂದವರೂ ಅವರೇ. ಹುಣಸಮಾರನಹಳ್ಳಿಯಿಂದ ಹೆಬ್ಬಾಳಕ್ಕೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಆಹಾರ ವಿಜ್ಞಾನ ಓದಿದೆ. ನಮ್ಮ ವಂಶಕ್ಕೆ ಮೊದಲ ಪದವಿ ನನ್ನದು. ಹಾಗೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಕಾಲೇಜಿನಲ್ಲಿ ಒಮ್ಮೆ ಪ್ರಪಂಚದ ನಕ್ಷೆ ತೋರಿಸಿದರು. ಕ್ಯಾನ್ಸರಿನಿಂದ ಹೆಚ್ಚು ಜನ ಸಾಯುವ ದೇಶಗಳಿಗೆ ಕಡುಗೆಂಪು, ಕಡಿಮೆ ಸಾಯುವ ಕಡೆ ತೆಳುಬಣ್ಣ. ಮಾಂಸ, ಬೆಣ್ಣೆ ಜಾಸ್ತಿ ತಿನ್ನುವವರ ದೇಶಗಳು ಕೆಂಪಗಿದ್ದವು. ನಮ್ಮದು ತೆಳು. "ನೋಡಿ, ಕಾಳು, ಸೊಪ್ಪು ತಿನ್ನೋರ ಪುಣ್ಯ" ಎಂದರು ಮೇಡಂ. ಇಡೀ ತರಗತಿ ಬೀಗಿತು. ನನಗೆ ಅನುಮಾನ. ನಮ್ಮೂರಲ್ಲೂ ಕ್ಯಾನ್ಸರಿನಿಂದ ಸತ್ತವರಿಲ್ಲ, ಏಕೆಂದರೆ ಆ ಹೆಸರನ್ನು ಯಾರೂ ಬಾಯಿಗೇ ತರುವುದಿಲ್ಲ. ಹೊಟ್ಟೆಯದಾದರೆ ಗ್ಯಾಸ್ಟ್ರಿಕ್. ಎದೆಯಲ್ಲಿ ಗಂಟಾದರೆ ಹೆಂಗಸರ ತೊಂದರೆ. ಸತ್ತ ಮೇಲೆ ಎಲ್ಲರಿಗೂ ಹಾರ್ಟ್. ಹೇಳದೆ ಮುಚ್ಚಿಟ್ಟ ಸಾವು ನಕ್ಷೆ ಬರೆದವರಿಗೆ ಸಿಗುವುದಾದರೂ ಹೇಗೆ?

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. ಜಠರದ ಕ್ಯಾನ್ಸರ್, ವರದಿ ಓದಿದವಳು ನಾನೇ. ಜೀವನವಿಡೀ ಮುದ್ದೆ, ಸೊಪ್ಪಿನ ಸಾರು ಉಂಡವರು. ಉಂಡಾದ ಮೇಲೆ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ. ಆ ಹೊಗೆಸೊಪ್ಪನ್ನು ಮನೆಯವರ್ಯಾರೂ ತಿನ್ನುವ ವಸ್ತುವಿನ ಲೆಕ್ಕಕ್ಕೆ ಸೇರಿಸಿರಲಿಲ್ಲ. ಮುದ್ದೆಯನ್ನು ಹೊಗಳುವವರು ಸೇರಿಸುತ್ತಾರೆಂಬ ನಂಬಿಕೆಯೂ ನನಗಿಲ್ಲ.

ಅವರನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರು ಮನೆಗೇ ಬಂದು, ಸಾವಿನ ಕಾರಣದ ಸರ್ಟಿಫಿಕೇಟ್ ಬರೆಯಲು ಕುಳಿತರು. ದೊಡ್ಡಪ್ಪ ಅವರ ಪಕ್ಕಕ್ಕೆ ಹೋಗಿ ನಿಂತರು.

"ಆರ್ಟು ಅಂತ ಬರ್ಕೊಳಿ ಸಾ. ಮಗ್ಳಿಗೆ ಸಂಬಂಧ ಮಾತಾಡ್ತಾವ್ರೆ. ರಕ್ತದಲ್ಲೇ ಐತೆ ಅಂತ ಗಂಡಿನ್ ಕಡೇರು ಇಂದಕ್ಕೆ ಓಗ್ಬಿಡ್ತಾರೆ."

ಡಾಕ್ಟರ ಪೆನ್ನು ನಿಂತಿತು. ನನಗೆ ಅವರ ಮೇಲೂ ಅನುಮಾನ ಬಂತು. ಎಷ್ಟು ಮನೆಗಳಲ್ಲಿ ಹೀಗೇ ನಿಂತಿತ್ತೋ ಈ ಪೆನ್ನು.

"ಸರ್, ಇರೋದನ್ನ ಬರೀರಿ" ಎಂದೆ.

ದೊಡ್ಡಪ್ಪ ನನ್ನತ್ತ ತಿರುಗಿದರು. "ಓದಿರೋಳಲ್ವಾ ನೀನು. ನಿನ್ ತಂಗಿ ಮದ್ವೆ ಇಲ್ದೆ ಮನೇಲಿ ಕೂತ್ರೆ ನೀನ್ ನೋಡ್ಕೊಂತೀಯಾ?"

ದೊಡ್ಡಮ್ಮನ ತಲೆಯ ಹತ್ತಿರ ಕುಳಿತಿದ್ದ ಅವರ ಮಗಳು ಕತ್ತೆತ್ತದೆಯೇ ಮಾತಾಡಿದಳು.

"ಗ್ಯಾಸ್ಟ್ರಿಕ್ಕು ಗ್ಯಾಸ್ಟ್ರಿಕ್ಕು ಅಂತ ಮುಚ್ಚಿಕ್ಕಿ ತಡ ಮಾಡಿದ್ದಕ್ಕೇ ಅಮ್ಮಂಗೆ ಇಂಗಾಗಿದ್ದು. ಬರೀಲಿ ಬಿಡಪ್ಪ. ಬೇಡ ಅನ್ನೋರು ಬೇಡ ಅನ್ಲಿ."

ಡಾಕ್ಟರು ಕ್ಯಾನ್ಸರ್ ಎಂದೇ ಬರೆದು ಸಹಿ ಹಾಕಿ ದೊಡ್ಡಪ್ಪನ ಕೈಗೇ ಕೊಟ್ಟರು. ಇಂಗ್ಲಿಷ್ ಬಾರದ ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ, ನನ್ನತ್ತ ಚಾಚಿದರು.

"ನೀನೇ ಇಟ್ಕೊಳವ್ವ. ಗಂಡಿನ್ ಕಡೇರು ಬಂದು ಕೇಳುದ್ರೆ, ನೀನೇ ಓದಿ ಯೋಳು."