ಫಿಜಿಯ ಅಜ್ಜಿ, ಸಾರಕ್ಕಿಯ ಅಜ್ಜಿ

ಧೊಪ್. ರೇಷನ್ ಅಂಗಡಿಯ ಮುಂದೆ ಲಾರಿಯಿಂದ ಅಕ್ಕಿಮೂಟೆ ಕೆಡವಿದಂಥ ಸದ್ದು. ಆಮೇಲೆ ಸ್ವಲ್ಪ ಮೌನ. ಆಮೇಲೆ ಒಬ್ಬ ಹೆಂಗಸಿನ ತೃಪ್ತಿಯ 'ಹ್ಞಾ'. ಆ ವರ್ಷ ಭಾನುವಾರ ತಿಂಡಿಯಾದ ಮೇಲೆ ನನ್ನ ಗೋಡೆಯಾಚೆಯಿಂದ ಬರುತ್ತಿದ್ದದ್ದು ಇದೇ. ಪಕ್ಕದ ಮನೆಯ ಸದ್ದಿಗೆ ಕಿವಿಗೊಡುವುದು ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಹೇಳಿಕೊಟ್ಟಿದ್ದರು. ಆದ್ದರಿಂದ ಕಿವಿಗೊಡುವುದನ್ನು ಬಿಟ್ಟು, ಒಂದು ದಿನ ನೇರವಾಗಿ ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆರೆದವಳು ವಿಮಲಾ. ಆ ಫ್ಲ್ಯಾಟಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದಳು. ಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ರಿಟೈರ್ ಆದವಳು, ಒಂಟಿ ಹೆಂಗಸು.

"ಸೌಂಡ್ ಜಾಸ್ತಿ ಆಯ್ತಾ ಮೇಡಂ?"

"ಯಾರೋ ಬಿದ್ದರು ಅಂದ್ಕೊಂಡೆ."

"ಬಿದ್ರು. ಈ ಆಟದಲ್ಲಿ ಬೀಳೋದೇ ಕೆಲಸ. ಬನ್ನಿ, ಕೂತ್ಕೊಳ್ಳಿ."

ನಾನು ಕೇಳಿದ್ದು ಟೀವಿಯಲ್ಲಿ ಬರುತ್ತಿದ್ದ ಹಳೆಯ ಮ್ಯಾಚಿನ ಹೈಲೈಟ್ಸ್ ಅಂತೆ. ಅಸಲು ಮ್ಯಾಚು ಇನ್ನೇನು ಶುರುವಾಗಲಿತ್ತು: ಫಿಜಿ ಮತ್ತು ಸಮೋವಾ, ರಗ್ಬಿ ಲೀಗ್, ವಿಶ್ವಕಪ್ಪಿಗೆ ಯಾರು ಹೋಗಬೇಕೆಂದು ತೀರ್ಮಾನಿಸುವ ಕ್ವಾಲಿಫೈಯಿಂಗ್ ಪಂದ್ಯ. ನಮ್ಮ ಜಾಗ್ರಫಿ ಅಟ್ಲಾಸಿನಲ್ಲಿ ಈ ದ್ವೀಪಗಳು ನೊಣ ಕೂತೆದ್ದ ಗುರುತಿನಷ್ಟಿದ್ದವು. ಆ ಗುರುತುಗಳಿಂದ ಎದ್ದು ಬಂದವರು ನೋಡಿದರೆ ಒಬ್ಬೊಬ್ಬರೂ ಉಕ್ಕಿನ ಬೀರುವಿನಷ್ಟು ಅಗಲ. ಫಿಜಿಯವರು ಒಬ್ಬರ ಹೆಗಲಿಗೊಬ್ಬರು ಕೈಹಾಕಿ, ಕಣ್ಣು ಮುಚ್ಚಿ, ದೇವರ ಹಾಡು ಹೇಳಿದರು. ಅಷ್ಟು ಶುದ್ಧ ಹಾರ್ಮನಿ ನಮ್ಮ ಕಾನ್ವೆಂಟ್ ಚಾಪೆಲ್ಲಿನ ಕ್ವಾಯರ್‌ಗೂ ಒಲಿದಿರಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು. ಹಾಡು ಮುಗಿಯಿತು, ಸಮೋವಾದವರು ತೊಡೆ ತಟ್ಟಿ ಯುದ್ಧನೃತ್ಯ ಮಾಡಿದರು, ರೆಫರಿ ಸೀಟಿ ಊದಿದ, ಹಾಡಿದವರು ಕುಣಿದವರನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದರು. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಸಭೆಯೂ ಪ್ರಾರ್ಥನೆಯಿಂದಲೇ ಆರಂಭವಾಗುತ್ತದೆ, ಆಮೇಲೆ ಆಗುವುದೂ ಇದೇ. ಆದರೆ ಅವರಿಗೆ ರೆಫರಿ ಇದ್ದಾನೆ.

ಆಟದ ನಿಯಮವನ್ನು ವಿಮಲಾ ಬಿಡಿಸಿ ಹೇಳಿದಳು. ಮುಂದಕ್ಕೆ ಹೋಗಬೇಕು, ಆದರೆ ಚೆಂಡನ್ನು ಹಿಂದಿದ್ದವನಿಗೇ ಎಸೆಯಬೇಕು. ಇದನ್ನು ಅರ್ಥಮಾಡಿಕೊಳ್ಳಲು ನನಗೆ ಕಷ್ಟವಾಗಲಿಲ್ಲ. ಖಾತೆ ಬದಲಾವಣೆಗೆ ಅಲೆದವಳು ನಾನು, ಫೈಲುಗಳು ಹೀಗೇ ಮುಂದುವರಿಯುತ್ತವೆ. ಆರು ಸಲ ಕೆಡವಿಸಿಕೊಂಡರೆ ಚೆಂಡನ್ನು ಎದುರಾಳಿಗೆ ಒಪ್ಪಿಸಬೇಕು. ಒಪ್ಪಿಸಿದವನ ಮುಖದಲ್ಲಿ ಬೇಸರವಿರಲಿಲ್ಲ. ನಮ್ಮ ಅಸೋಸಿಯೇಷನ್ನಿನ ಸೆಕ್ರೆಟರಿ ಮೂರ್ತಿಯವರು ಹನ್ನೊಂದು ವರ್ಷದಿಂದ ಆ ಹುದ್ದೆಯಲ್ಲಿದ್ದಾರೆ.

ಅರ್ಧ ಆಟದಲ್ಲಿ ಕಾಮೆಂಟೇಟರ್ ಒಬ್ಬ ಹುಡುಗನ ವಿಷಯ ಹೇಳಿದ. ಹುಟ್ಟಿದ್ದು ಸಿಡ್ನಿಯಲ್ಲಿ, ಬೆಳೆದದ್ದು ಸಿಡ್ನಿಯಲ್ಲಿ, ಆಡುತ್ತಿರುವುದು ಫಿಜಿಗೆ.

"ಅದು ಹೇಗೆ?" ಎಂದು ಕೇಳಿದೆ.

"ಅವರಜ್ಜಿ ಫಿಜಿಯವರು. ಅಷ್ಟು ಸಾಕು."

ನಾನು ಮರುಳಾಗಿ ಹೋದೆ. ಅಜ್ಜಿಯರನ್ನು ಇಷ್ಟು ಸೀರಿಯಸ್ಸಾಗಿ ತೆಗೆದುಕೊಳ್ಳುವ ಕ್ರೀಡೆ ಇನ್ನೊಂದಿದೆಯೇ? ನಮ್ಮಲ್ಲೂ ಅಜ್ಜಿಯ ವಿಚಾರಣೆ ನಡೆಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಜಯನಗರದಲ್ಲಾಗಲಿ ಜೆ.ಪಿ. ನಗರದಲ್ಲಾಗಲಿ 'ನಿಮ್ಮ ಅಜ್ಜಿ ಮನೆ ಯಾವ ಊರು' ಎಂದು ಕೇಳುವವರಿಗೆ ಭೂಗೋಳದಲ್ಲಿ ಆಸಕ್ತಿ ಇರುವುದಿಲ್ಲ. ವಿಮಲಾ ಬಂದ ಹೊಸತರಲ್ಲಿ ಮಿಸೆಸ್ ಮೂರ್ತಿ ಕುಶಲ ವಿಚಾರಿಸಲು ಬಂದರಂತೆ. ಹಾಲಿನಲ್ಲಿದ್ದ ಬುದ್ಧನ ಮೂರ್ತಿ ನೋಡಿ, "ಎಷ್ಟು ಚೆನ್ನಾಗಿದೆ ಶೋಪೀಸು, ಎಲ್ಲಿ ತಗೊಂಡ್ರಿ?" ಅಂದರಂತೆ. "ಶೋಪೀಸಲ್ಲ, ನಾವು ಪೂಜೆ ಮಾಡ್ತೀವಿ" ಎಂದಳಂತೆ ವಿಮಲಾ. ಆಮೇಲೆ ಮಿಸೆಸ್ ಮೂರ್ತಿ ಕಾಫಿ ಬೇಡವೆಂದರು. ಅಸಿಡಿಟಿ.

ಆ ಅಸಿಡಿಟಿ ವಿಮಲಾಳಿಂದ ಥ್ರೋಬಾಲ್ ಕಲಿಯಲು ಅವರಿಗೆ ಅಡ್ಡಿಯಾಗಲಿಲ್ಲ. ಸುತ್ತಲಿನ ಅಪಾರ್ಟ್‌ಮೆಂಟುಗಳ ಹೆಂಗಸರಿಗಾಗಿ ಟೂರ್ನಮೆಂಟ್ ಘೋಷಣೆಯಾಗಿತ್ತು. ಮೊದಲಿಗೆ ಪಕ್ಕದ ರಸ್ತೆಯ, ಲಿಫ್ಟ್ ಇಲ್ಲದ ಹಳೇ ಬಿಲ್ಡಿಂಗಿನವರನ್ನು ಸೋಲಿಸಿ ಕ್ವಾಲಿಫೈ ಆಗಬೇಕಿತ್ತು. ವಿಮಲಾ ದಿನಾ ಬೆಳಿಗ್ಗೆ ನಮ್ಮ ಲೇಡೀಸನ್ನು ಕೆಳಗಿಳಿಸಿ, ಚೆಂಡು ಕಂಡರೆ ಕಣ್ಣು ಮುಚ್ಚುತ್ತಿದ್ದವರಿಗೆ ಕಣ್ಣು ತೆರೆಯುವುದನ್ನು ಕಲಿಸಿದಳು. ಅವಳಿಗೂ ಒಂದು ಆಸೆಯಿತ್ತು. "ಸರ್ವೀಸ್ ಪೂರ್ತಿ ಲೈನ್ ಆಚೆ ನಿಂತು ವಿಷಲ್ ಊದಿದೀನಿ ಮೇಡಂ. ಒಂದೇ ಒಂದು ಮ್ಯಾಚು ಲೈನ್ ಒಳಗೆ ನಿಂತ್ಕೊಂಡು ಆಡ್ಬೇಕು. ಮಂಡಿ ಸರಿ ಇರೋವಾಗ್ಲೇ."

ಪಂದ್ಯದ ಹಿಂದಿನ ವಾರ ಸಭೆ ಸೇರಿತು. ಪ್ರಾರ್ಥನೆಯಾಯಿತು. ಮೂರ್ತಿಯವರು ಎದ್ದು, ಓನರ್‌ಗಳು ಮತ್ತು ಅವರ ರಕ್ತಸಂಬಂಧಿಗಳು ಮಾತ್ರ ಆಡತಕ್ಕದ್ದು ಎಂದರು. "ಟೆನೆಂಟ್ಸ್ ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ಈ ಜಾಗಕ್ಕೆ ಒಂದು ಸಂಬಂಧ ಇರ್ಬೇಕಲ್ವಾ?"

ನಾನು ಎದ್ದು ನಿಂತು, ನನ್ನ ಬೆಸ್ಟ್ ಎಲಕ್ಯೂಷನ್ ಧ್ವನಿಯಲ್ಲಿ, ಫಿಜಿಯ ಅಜ್ಜಿಯ ನಿಯಮವನ್ನು ವಿವರಿಸಿದೆ. ಮೂರ್ತಿಯವರು ನಕ್ಕರು. "ಸರಿ ಮೇಡಂ, ಹಾಗೇ ಇಟ್ಕೊಳ್ಳೋಣ. ಇವರಜ್ಜಿ ಎಲ್ಲಿಯವರು?"

"ಸಾರಕ್ಕಿ," ಎಂದಳು ವಿಮಲಾ. "ಇದೇ ಸಾರಕ್ಕಿ ಸಾರ್. ಕೆರೆ ನೀರಲ್ಲಿ ಸೊಪ್ಪು ಬೆಳೀತಿದ್ರು. ನಿಮ್ಮ ಕಾರು ನಿಲ್ಲುತ್ತಲ್ಲ, ಅಲ್ಲಿ ದಂಟು. ಈ ಕಡೆ ಸಬ್ಬಸಿಗೆ."

ನಾನು ಮನಸ್ಸಿನಲ್ಲೇ ಎಲ್ಲರ ಅಜ್ಜಿಯರನ್ನು ಕರೆದು ಸಾಲಾಗಿ ನಿಲ್ಲಿಸಿದೆ. ಮೂರ್ತಿಯವರದು ತಿಪಟೂರು, ಟ್ರೆಷರರದು ಧರ್ಮಪುರಿ, ನನ್ನದು ನಂಜನಗೂಡು. ಫಿಜಿಯ ಕಾನೂನಿನಂತೆ ಈ ಬಿಲ್ಡಿಂಗಿಗೆ ಆಡಲು ಅರ್ಹತೆ ಇದ್ದದ್ದು ಒಬ್ಬಳಿಗೇ.

"ಡಾಕ್ಯುಮೆಂಟ್ ಏನಾದ್ರೂ ಇದೆಯಾ?" ಎಂದು ಕೇಳಿದರು ಮೂರ್ತಿಯವರು.

"ಸೊಪ್ಪಿಗಾ ಸಾರ್?"

ಯಾರೋ ನಕ್ಕರು. ನಕ್ಕವರೂ ಸೇರಿ ನಿಯಮವನ್ನು ಪಾಸು ಮಾಡಿದರು. ಉಪ್ಪಿಟ್ಟು, ಕೇಸರಿಬಾತು ಬಂತು.

ಅವಳು ಅಳುತ್ತಾಳೇನೋ ಎಂದು ನಾನು ಸಂಜೆ ಕರ್ಚೀಫು ಹಿಡಿದುಕೊಂಡೇ ಹೋದೆ. ವಿಮಲಾ ಫೋನಿನಲ್ಲಿ ಮಾತಾಡುತ್ತಿದ್ದಳು. ಲಿಫ್ಟಿಲ್ಲದ ಬಿಲ್ಡಿಂಗಿನವರಿಗೆ ಆಟಗಾರ್ತಿಯರು ಸಾಲುತ್ತಿರಲಿಲ್ಲ, ಅಸೋಸಿಯೇಷನ್ನೂ ಇರಲಿಲ್ಲ. ಪಂದ್ಯದ ಭಾನುವಾರ ಅವಳು ಲೈನಿನೊಳಗೆ ನಿಂತಳು, ಆದರೆ ನೆಟ್ಟಿನ ಆಚೆ ಕಡೆಗೆ. ಯಾರು ಯಾವ ಕೈಯಲ್ಲಿ ಚೆಂಡು ಬಿಡುತ್ತಾರೆಂದು ಅವಳಿಗೆ ಗೊತ್ತಿತ್ತು, ಕಲಿಸಿದವಳೇ ಅವಳು. ಮಿಸೆಸ್ ಮೂರ್ತಿ ಪ್ರತಿ ಸಲವೂ ಕಣ್ಣು ಮುಚ್ಚಿದರು. ಟೀವಿಯಲ್ಲಿ ಆ ಉಕ್ಕಿನ ಬೀರುಗಳು ಮ್ಯಾಚು ಮುಗಿದ ಮೇಲೆ, ಗೆದ್ದವರು ಸೋತವರು ಬೆರೆತು, ಒಂದೇ ವೃತ್ತದಲ್ಲಿ ಮಂಡಿಯೂರಿ ಪ್ರಾರ್ಥಿಸಿದ್ದನ್ನು ನಾನು ನೋಡಿದ್ದೆ. ಇಲ್ಲಿ ನಮ್ಮವರನ್ನು ಸೋಲಿಸಿದ ವಿಮಲಾ ಕೈ ಕುಲುಕಲು ನೆಟ್ಟಿನ ಬಳಿ ಬಂದಾಗ ನಮ್ಮ ಲೇಡೀಸೆಲ್ಲರಿಗೂ ಒಟ್ಟಿಗೇ ಬಾಯಾರಿಕೆಯಾಯಿತು.

ಅದಾದ ತಿಂಗಳೊಳಗೆ ಅವಳ ಮನೆಯ ಓನರಿಗೆ ಫ್ಲ್ಯಾಟು ಸ್ವಂತ ಉಪಯೋಗಕ್ಕೆ ಬೇಕಾಯಿತು. ಇವತ್ತಿಗೂ ಅದಕ್ಕೆ ಬೀಗ ಹಾಕಿದೆ. ಆ ಬೀಗವೇ ಸ್ವಂತ ಉಪಯೋಗವಿರಬೇಕು. ಗೋಡೆಯಾಚೆ ಈಗ ಸದ್ದಿಲ್ಲ. ಮೂರ್ತಿಯವರು ಅದನ್ನು ಡಿಸಿಪ್ಲಿನ್ ಅನ್ನುತ್ತಾರೆ.

ಕೊನೆಯ ಸಲ ನಾನು ವಿಮಲಾಳನ್ನು ಕಂಡದ್ದು ಸಾರಕ್ಕಿ ಸಿಗ್ನಲಿನಲ್ಲಿ. ನಾನು ಕಣ್ಣಿನ ಡಾಕ್ಟರ ಬಳಿಗೆ ಹೊರಟು ಆಟೋದಲ್ಲಿದ್ದೆ. ಅವಳು ಯಾರದೋ ಸ್ಕೂಟರಿನ ಹಿಂದೆ, ತೊಡೆಯ ಮೇಲೆ ಚೆಂಡಿನ ಚೀಲ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಬಗ್ಗಿದಳು.

"ಮೇಡಂ, ಇವತ್ತು ನಮ್ ಟೀಮಿಗೆ ಒಬ್ರು ಕಮ್ಮಿ. ಬರ್ತೀರಾ?"

"ನನ್ನ ಮಂಡಿ ನೋಡಿದೀಯಾ?"

"ಮಂಡಿ ಬೇಡ ಮೇಡಂ, ನೀವು ಬನ್ನಿ."

ಎಪ್ಪತ್ತೆಂಟು ವರ್ಷದಲ್ಲಿ ಯಾವ ಟೀಮೂ ನನ್ನನ್ನು ಕರೆದಿರಲಿಲ್ಲ. ಕಾನ್ವೆಂಟಿನಲ್ಲೂ ನನಗೆ ಸಿಕ್ಕಿದ್ದು ಹಾಫ್ ಟೈಮಿನಲ್ಲಿ ಕಿತ್ತಳೆ ಹೋಳು ಹಂಚುವ ಕೆಲಸ. ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಹಸಿರು ಬಿತ್ತು, ಸ್ಕೂಟರು ಬಸ್ಸಿಗೂ ಟೆಂಪೋಗೂ ನಡುವೆ ನುಸುಳಿತು.

"ಎಡಕ್ಕೆ ಅಲ್ವಾ ಆಂಟಿ, ಕಣ್ಣಾಸ್ಪತ್ರೆ?" ಎಂದ ಆಟೋದವನು.

"ಬೇಡಪ್ಪ, ಆ ಸ್ಕೂಟರ್ ಹಿಂದೆ ಹೋಗು," ಅಂದೆ.

"ಯಾವ ಸ್ಕೂಟರ್ ಆಂಟಿ?" ಅಂದ ಅವನು. ಮುಂದೆ ಕಣ್ಣು ಹಾಯುವಷ್ಟು ದೂರವೂ ಬರೀ ಸ್ಕೂಟರುಗಳೇ ಇದ್ದವು.